ಹೇಮಾವತಿ ದಡದಲ್ಲಿ ಗಾಲ್ಫ್ ಹುಲ್ಲು: ಗೇಟಿನ ಒಳಗೆಷ್ಟು, ಹೊರಗೆಷ್ಟು?

ಗಾಲ್ಫ್ ಅಂದ ತಕ್ಷಣ ನಿಮಗೆ ಏನು ನೆನಪಾಗುತ್ತೆ? ಸತ್ಯ ಹೇಳಿ, ಆಟ ಅಂತೂ ಅಲ್ಲ. ನೆನಪಾಗೋದು ಬಸ್ಸು. ಶಾಸಕರನ್ನ ತುಂಬಿಕೊಂಡು ಹೋಗುವ ಬಸ್ಸು! 2017ರ ಜುಲೈ ಕೊನೆಯಲ್ಲಿ ಗುಜರಾತಿನ ಕಾಂಗ್ರೆಸ್ ಶಾಸಕರನ್ನ ತಂದು ಇಳಿಸಿದ್ದು ಬಿಡದಿಯ ಈಗಲ್‌ಟನ್ ಗಾಲ್ಫ್ ರೆಸಾರ್ಟ್‌ನಲ್ಲಿ. 2018ರ ಮೇ ತಿಂಗಳಲ್ಲಿ ನಮ್ಮದೇ ರಾಜ್ಯದ ಕಾಂಗ್ರೆಸ್ ಶಾಸಕರು ಅದೇ ಜಾಗಕ್ಕೆ ಹೋದರು. 2019ರ ಜುಲೈನಲ್ಲಿ ಮೈತ್ರಿ ಸರ್ಕಾರ ಅಲುಗಾಡ್ತಾ ಇದ್ದಾಗ ಜೆಡಿಎಸ್ ಶಾಸಕರು ತಂಗಿದ್ದು ನಂದಿಬೆಟ್ಟದ ಕಡೆಯ ಪ್ರೆಸ್ಟೀಜ್ ಗಾಲ್ಫ್‌ಶೈರ್‌ನಲ್ಲಿ. ಆಗೆಲ್ಲ ಚಾನೆಲ್‌ಗಳ ಕ್ಯಾಮೆರಾಗಳು ಎಲ್ಲಿದ್ದವು? ಗೇಟಿನ ಹೊರಗೆ. ಒಳಗೆ ಏನಿದೆ ಅಂತ ಹೊರಗಿದ್ದವರಿಗೆ ಗೊತ್ತಿಲ್ಲ. ಪಕ್ಕದ ಹಳ್ಳಿಯವರಿಗೂ ಗೊತ್ತಿಲ್ಲ.

ಇವತ್ತು ರಾಜಕೀಯ ಬಿಡೋಣ. ಈ ಗೇಟಿನ ಬಗ್ಗೆ ಮಾತಾಡೋಣ. ಐಷಾರಾಮಿ ಗಾಲ್ಫ್ ಮೈದಾನ ಒಂದು ಊರಿಗೆ ಬಂದರೆ ಆ ಊರಿನ ಪ್ರವಾಸೋದ್ಯಮಕ್ಕೆ ಏನಾಗುತ್ತೆ? ಕ್ಲಬ್ ಮೆಂಬರ್‌ಶಿಪ್ ಅಂತ ಲಕ್ಷ ಲಕ್ಷ ಕಟ್ಟುವವರಿಗೆ ನಿಜಕ್ಕೂ ಏನು ಸಿಗುತ್ತೆ? ಈ ಪ್ರಶ್ನೆಗಳನ್ನ ಬೆಂಗಳೂರಲ್ಲಿ ನಿಂತು ಕೇಳೋದು ಬೇಡ, ಹಾಸನ ಜಿಲ್ಲೆಯಲ್ಲಿ ನಿಂತು ಕೇಳೋಣ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ. ಯಾಕೆ ಇಲ್ಲೇ? ಯಾಕಂದ್ರೆ ಬೆಂಗಳೂರಿನ ದುಡ್ಡು ಹೆದ್ದಾರಿ ಹಿಡಿದುಕೊಂಡೇ ಹೋಗುತ್ತೆ. ಮೈಸೂರು ರಸ್ತೆಯಲ್ಲಿ ಬಿಡದಿ ಮುಗೀತು, ದೇವನಹಳ್ಳಿ ಕಡೆ ಜಮೀನಿನ ಬೆಲೆ ಮುಗಿಲು ಮುಟ್ಟಿತು. ರಾಷ್ಟ್ರೀಯ ಹೆದ್ದಾರಿ 75 ಕುಣಿಗಲ್ ದಾಟಿ ಚನ್ನರಾಯಪಟ್ಟಣಕ್ಕೆ, ಅಲ್ಲಿಂದ ಹಾಸನಕ್ಕೆ ನೇರವಾಗಿ ಬರುತ್ತೆ. 2017ರಿಂದ ಶ್ರವಣಬೆಳಗೊಳದ ಮೇಲೆ ಬೆಂಗಳೂರು–ಹಾಸನ ರೈಲೂ ಓಡ್ತಾ ಇದೆ. ಭುವನಹಳ್ಳಿಯ ವಿಮಾನ ನಿಲ್ದಾಣದ ಮಾತು ವರ್ಷಗಳಿಂದ ಇದ್ದೇ ಇದೆ. ಹೇಮಾವತಿ ಹಿನ್ನೀರಿನ ನೋಟ ಇದೆ, ತಂಪು ಗಾಳಿ ಇದೆ. ನಾಳೆ ಯಾರೋ ಒಬ್ಬರು ಕಾರಿನಿಂದ ಇಳಿದು, ‘ಗೌಡ್ರೇ, ನಿಮ್ಮ ಜಮೀನು ಕೊಡ್ತೀರಾ, ಗಾಲ್ಫ್ ರೆಸಾರ್ಟ್ ಮಾಡ್ತೀವಿ, ನಿಮ್ಮ ಮಕ್ಕಳಿಗೆಲ್ಲ ಕೆಲಸ’ ಅಂದರೆ ನೀವೇನು ಹೇಳ್ತೀರಿ? ಆ ಉತ್ತರ ಹೇಳೋಕೆ ಮುಂಚೆ ಲೆಕ್ಕ ಗೊತ್ತಿರಬೇಕು. ಆ ಲೆಕ್ಕವೇ ಇವತ್ತಿನ ವಿಷಯ.

ಮೊದಲು ಒಂದು ಮಾತು ಸ್ಪಷ್ಟ ಮಾಡಿಬಿಡ್ತೀನಿ. ಆಟದ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. 2021ರ ಆಗಸ್ಟ್ 7ರ ಬೆಳಗ್ಗೆ ನೆನಪಿದೆಯಾ? ಟೋಕಿಯೊ ಒಲಿಂಪಿಕ್ಸ್. ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಪದಕದ ಹತ್ತಿರ ಬಂದು, ಒಂದೇ ಒಂದು ಹೊಡೆತದಲ್ಲಿ ತಪ್ಪಿ ನಾಲ್ಕನೇ ಸ್ಥಾನಕ್ಕೆ ನಿಂತಳು. ಬೋಗಿ ಅಂದ್ರೇನು, ಬರ್ಡಿ ಅಂದ್ರೇನು ಅಂತ ಗೊತ್ತಿಲ್ಲದವರೂ ಅವತ್ತು ಟಿವಿ ಮುಂದೆ ಉಸಿರು ಹಿಡಿದು ಕೂತಿದ್ದರು. ಇನ್ನೊಂದು ಹೆಸರು ಹೇಳ್ತೀನಿ, ಇದು ಅಷ್ಟು ಜನಕ್ಕೆ ಗೊತ್ತಿಲ್ಲ: ಸಿ. ಮುನಿಯಪ್ಪ. ಬೆಂಗಳೂರಲ್ಲಿ ಕ್ಯಾಡಿಯಾಗಿದ್ದವರು, ಅಂದರೆ ಸಾಹುಕಾರರ ಗಾಲ್ಫ್ ಚೀಲ ಹೊರುತ್ತಿದ್ದವರು. ಅದೇ ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಚೀಲ ಹೊತ್ತವನ ಕೈಗೆ ಕಪ್ಪು ಬಂತು. ಹಾಗಾಗಿ ಈ ಆಟ ಬಡವನಿಗೆ ಏನೂ ಕೊಡಲ್ಲ ಅಂತ ಒಂದೇ ಏಟಿಗೆ ಹೇಳೋದು ತಪ್ಪಾಗುತ್ತೆ.

ಈ ಆಟ ಕರ್ನಾಟಕಕ್ಕೆ ಹೊಸದೂ ಅಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾಗಿದ್ದು 1876ರಲ್ಲಿ. ಕೆಜಿಎಫ್‌ನ ಗಣಿಗೆ ಬಂದ ಇಂಗ್ಲಿಷರು ಅಲ್ಲೂ ಕ್ಲಬ್ ಮಾಡಿಕೊಂಡರು, ಗಾಲ್ಫ್ ಆಡಿದರು. ಮೈಸೂರಲ್ಲಿ ಚಾಮುಂಡಿ ಬೆಟ್ಟದ ಕೆಳಗೆ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ ಇದೆ. ಹಾಸನದ ಅಕ್ಕಪಕ್ಕವೇ ನೋಡಿ, ಚಿಕ್ಕಮಗಳೂರಿನಲ್ಲಿ ಗಾಲ್ಫ್ ಕ್ಲಬ್ ಇದೆ. ಕೊಡಗಿನಲ್ಲಿ ಮಡಿಕೇರಿಯಲ್ಲೂ ಇದೆ, ವಿರಾಜಪೇಟೆ ಹತ್ತಿರದ ಬಿಟ್ಟಂಗಾಲದಲ್ಲೂ ಇದೆ.

ಹಾಗಾದ್ರೆ ಹಳೆಯದಕ್ಕೂ ಹೊಸದಕ್ಕೂ ವ್ಯತ್ಯಾಸ ಏನು? ಇದು ಮುಖ್ಯವಾದ ಮಾತು, ಗಮನ ಇಟ್ಟು ಕೇಳಿ. ಹಳೆಯ ಕ್ಲಬ್‌ಗಳು ಆಟ ಆಡುವವರು ತಾವೇ ಸೇರಿ ಕಟ್ಟಿಕೊಂಡವು. ಪ್ಲಾಂಟರ್‌ಗಳು, ಅಧಿಕಾರಿಗಳು, ವ್ಯಾಪಾರಸ್ಥರು ವರ್ಷಕ್ಕೆ ಇಷ್ಟು ಅಂತ ಹಾಕಿ ನಡೆಸಿಕೊಂಡು ಬಂದರು. ಲಾಭದ ಪ್ರಶ್ನೆಯೇ ಇರಲಿಲ್ಲ. ಹೊಸ ಐಷಾರಾಮಿ ಗಾಲ್ಫ್ ಮೈದಾನ ಹಾಗಲ್ಲ. ಅದು ರಿಯಲ್ ಎಸ್ಟೇಟ್. ಹುಲ್ಲು ಬರೀ ಮುಖಮಂಟಪ, ಗರ್ಭಗುಡಿಯಲ್ಲಿರೋದು ವಿಲ್ಲಾ. ನಂದಿಬೆಟ್ಟದ ಗಾಲ್ಫ್‌ಶೈರ್‌ನೇ ತಗೊಳ್ಳಿ. ಸುಮಾರು 275 ಎಕರೆ, ನಡುವೆ 18 ಗುಂಡಿಯ ಮೈದಾನ, ಸುತ್ತ ವಿಲ್ಲಾಗಳು. 2022ರಲ್ಲಿ ಅದರ ಜೊತೆಗೆ ಐಷಾರಾಮಿ ಹೋಟೆಲೂ ಬಂತು. ಇದರಲ್ಲಿ ಕಾನೂನುಬಾಹಿರ ಏನೂ ಇಲ್ಲ, ವ್ಯಾಪಾರ ಅಷ್ಟೇ. ಆದರೆ ವ್ಯಾಪಾರ ಯಾವುದು ಅಂತ ನಮಗೆ ಗೊತ್ತಿರಬೇಕು. ಗಾಲ್ಫ್ ಆಡೋಕೆ ಬರುವವರು ಕೊಡುವ ಶುಲ್ಕದಿಂದ ಮಾತ್ರ ಅಂಥ ಮೈದಾನದ ಖರ್ಚು ಹೊರೋದು ಕಷ್ಟ. ದುಡ್ಡು ಬರೋದು ವಿಲ್ಲಾ ಮಾರಾಟದಿಂದ, ಮದುವೆಯಿಂದ, ಕಂಪನಿಗಳ ಮೀಟಿಂಗ್‌ನಿಂದ, ಮತ್ತೆ ಮೆಂಬರ್‌ಶಿಪ್‌ನಿಂದ.

ಈಗ ಲೆಕ್ಕಕ್ಕೆ ಬರೋಣ. ಮೊದಲನೆಯದು ಜಮೀನು. ಪೂರ್ಣ ಪ್ರಮಾಣದ 18 ಗುಂಡಿಯ ಮೈದಾನಕ್ಕೆ ಸಾಮಾನ್ಯವಾಗಿ 120ರಿಂದ 180 ಎಕರೆ ಬೇಕು. ವಿಲ್ಲಾ, ಹೋಟೆಲು, ರಸ್ತೆ ಸೇರಿದರೆ ಇನ್ನೂ ಜಾಸ್ತಿ. ನಮ್ಮ ಹಾಸನದ ಕಡೆ ಒಬ್ಬ ರೈತನ ಹತ್ತಿರ ಎಷ್ಟಿರುತ್ತೆ? ಎರಡೋ ಮೂರೋ ಎಕರೆ. ಅಂದರೆ ಒಂದು ಮೈದಾನ ಅಂದ್ರೆ ಐವತ್ತು, ಅರವತ್ತು ಕುಟುಂಬಗಳ ಜಮೀನು. ಹೊಳೆನರಸೀಪುರದ ಕಾಲುವೆ ಬಯಲಿನ ಭತ್ತ, ಚನ್ನರಾಯಪಟ್ಟಣದ ತೆಂಗಿನ ತೋಟ, ಅರಕಲಗೂಡು, ರಾಮನಾಥಪುರದ ಹೊಗೆಸೊಪ್ಪಿನ ಹೊಲ, ಹಾಸನದ ಆಲೂಗಡ್ಡೆ ಹೊಲ. ಇವುಗಳಲ್ಲಿ ಯಾವುದು ಹೋಗಬೇಕು?

ಮೊದಲಾದರೆ ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳೋದಕ್ಕೆ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ಅಡ್ಡ ಇದ್ದವು. 2020ರಲ್ಲಿ ಅವನ್ನ ತೆಗೆದುಹಾಕಿದರು. ಈಗ ಬೆಂಗಳೂರಿನವರು ಹೊಲ ಕೊಳ್ಳೋದು ಸುಲಭ. ಆದರೂ ಹೊಲವನ್ನ ಹೊಲವಾಗಿ ಇಟ್ಟುಕೊಳ್ಳದೆ ಬೇರೆ ಉಪಯೋಗಕ್ಕೆ ಹಾಕಬೇಕಾದರೆ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಭೂಪರಿವರ್ತನೆ ಆಗಲೇಬೇಕು. ಆ ಫೈಲು ಜಿಲ್ಲಾಧಿಕಾರಿ ಕಚೇರಿಗೆ ಹೋಗುತ್ತೆ. ಊರಿನವರು ಮೊದಲು ಕಣ್ಣಿಡಬೇಕಾದ ಕಾಗದ ಅದು.

ಜಮೀನಿನ ವಿಷಯದಲ್ಲಿ ಇನ್ನೊಂದು ಅಪಾಯ ಇದೆ. ನೂರೈವತ್ತು ಎಕರೆ ಒಟ್ಟಿಗೆ ಕೊಂಡಾಗ ಮಧ್ಯೆ ಮಧ್ಯೆ ಏನಿರುತ್ತೆ? ಗೋಮಾಳ ಇರುತ್ತೆ, ಖರಾಬು ಇರುತ್ತೆ, ಹಳ್ಳ ಇರುತ್ತೆ, ಬಂಡಿ ಜಾಡು ಇರುತ್ತೆ, ಪುಟ್ಟ ಕೆರೆ ಇರುತ್ತೆ. ಕಾಂಪೌಂಡು ಎದ್ದ ಮೇಲೆ ಇವೆಲ್ಲ ಎಲ್ಲಿಗೆ ಹೋಗ್ತವೆ? ಬಿಡದಿಯ ಈಗಲ್‌ಟನ್ ವಿಷಯದಲ್ಲಿ 77 ಎಕರೆ ಸರ್ಕಾರಿ ಜಮೀನಿನ ಬಗ್ಗೆ ವರ್ಷಗಟ್ಟಲೆ ವ್ಯಾಜ್ಯ ನಡೀತು. ಸರ್ಕಾರ 982 ಕೋಟಿ ರೂಪಾಯಿ ಬರಬೇಕು ಅಂತ ಲೆಕ್ಕ ಹಾಕಿತು, ರೆಸಾರ್ಟ್‌ನವರು ಅದನ್ನ ಒಪ್ಪಲಿಲ್ಲ. ಯಾರದ್ದು ಸರಿ, ಯಾರದ್ದು ತಪ್ಪು ಅನ್ನೋದು ನನ್ನ ತೀರ್ಪಲ್ಲ. ನಾನು ಹೇಳೋದು ಇಷ್ಟೇ: ಹುಲ್ಲು ಬೆಳೆದು, ವಿಲ್ಲಾ ಎದ್ದ ಮೇಲೆ ಸರ್ವೆ ಮಾಡಿಸೋದಲ್ಲ. ಮೊದಲ ಕಲ್ಲು ನೆಡೋಕೆ ಮುಂಚೆ ಸರ್ವೆ ಆಗಬೇಕು. ಬೆಂಗಳೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನ ಇರೋದು ಒಂದು ಕಾಲದಲ್ಲಿ ಚಲ್ಲಘಟ್ಟ ಕೆರೆ ಇದ್ದ ಜಾಗದಲ್ಲಿ. ಇವತ್ತು ಅಲ್ಲಿ ನಿಂತು ಕೆರೆ ಎಲ್ಲಿ ಅಂತ ಹುಡುಕಿದರೆ ಸಿಗುತ್ತಾ?

ಎರಡನೆಯದು ನೀರು. ಇದನ್ನ ಕೂತು ಗುಣಿಸಿ ನೋಡೋಣ. ಒಂದು ಎಕರೆಗೆ 1 ಮಿಲಿಮೀಟರ್ ನೀರು ಹಾಯಿಸಿದರೆ ಸುಮಾರು 4 ಸಾವಿರ ಲೀಟರ್. ಬೇಸಿಗೆಯಲ್ಲಿ ಹುಲ್ಲು ಹಸಿರಾಗಿರಬೇಕಾದರೆ ದಿನಕ್ಕೆ 5 ಮಿಲಿಮೀಟರ್ ಅಂತ ಇಟ್ಟುಕೊಳ್ಳಿ. ಎಕರೆಗೆ 20 ಸಾವಿರ ಲೀಟರ್ ಆಯ್ತು. ಇಡೀ ಮೈದಾನ ಬೇಡ, 80 ಎಕರೆ ಹುಲ್ಲಿಗೆ ಮಾತ್ರ ನೀರು ಅಂದುಕೊಂಡರೂ ದಿನಕ್ಕೆ 16 ಲಕ್ಷ ಲೀಟರ್. ಜಲಜೀವನ್ ಮಿಷನ್ ಪ್ರಕಾರ ಹಳ್ಳಿಯ ಒಬ್ಬ ಮನುಷ್ಯನಿಗೆ ದಿನಕ್ಕೆ 55 ಲೀಟರ್ ಕೊಡಬೇಕು. ಭಾಗಿಸಿ ನೋಡಿ. 29 ಸಾವಿರ ಜನರ ನೀರು! ಹತ್ತಾರು ಹಳ್ಳಿಗಳು ದಿನವಿಡೀ ಬಳಸುವ ನೀರು.

ಆದರೆ ಲೆಕ್ಕ ಅಂದ ಮೇಲೆ ನ್ಯಾಯವಾಗಿರಬೇಕು. ಗಾಲ್ಫ್ ಕಡೆಯವರು ಕೇಳ್ತಾರೆ: ‘ಭತ್ತ ಎಷ್ಟು ಕುಡಿಯುತ್ತೆ ಸ್ವಾಮಿ?’ ಅದೂ ಸರಿಯಾದ ಪ್ರಶ್ನೆಯೇ. ಒಂದು ಬೆಳೆ ಭತ್ತಕ್ಕೆ 1,200 ಮಿಲಿಮೀಟರ್ ಅಂತ ಹಿಡಿದರೂ ಎಕರೆಗೆ ಸುಮಾರು 48 ಲಕ್ಷ ಲೀಟರ್. ಗಾಲ್ಫ್ ಹುಲ್ಲಿಗೆ ವರ್ಷದಲ್ಲಿ 200 ದಿನ ನೀರು ಕೊಟ್ಟರೂ ಎಕರೆಗೆ 40 ಲಕ್ಷ ಲೀಟರ್. ಹುಲ್ಲೇ ಕಡಿಮೆ ಆಯ್ತಲ್ಲ! ಹಾಗಾದರೆ ತಕರಾರು ಏನು? ತಕರಾರು ಎಷ್ಟು ಅನ್ನೋದರಲ್ಲಿ ಇಲ್ಲ, ಯಾವಾಗ ಅನ್ನೋದರಲ್ಲಿದೆ. ಭತ್ತಕ್ಕೆ ನೀರು ಬೇಕಾಗೋದು ಗೊರೂರಿನ ಅಣೆಕಟ್ಟು ತುಂಬಿ ಕಾಲುವೆಗೆ ನೀರು ಬಿಟ್ಟಾಗ. ಗಾಲ್ಫ್ ಹುಲ್ಲಿಗೆ ನೀರು ಬೇಕಾಗೋದು ಫೆಬ್ರವರಿ, ಮಾರ್ಚ್, ಏಪ್ರಿಲ್‌ನಲ್ಲಿ, ಕಾಲುವೆ ಒಣಗಿ, ಕೊಳವೆಬಾವಿ ಕೈಕೊಟ್ಟು, ಹೆಣ್ಣುಮಕ್ಕಳು ಬಿಂದಿಗೆ ಹಿಡಿದು ನಿಂತಾಗ. ಮತ್ತೆ ಮಳೆ ಕೈಕೊಟ್ಟರೆ ರೈತ ಆ ವರ್ಷ ಭತ್ತ ಬಿಡ್ತಾನೆ, ರಾಗಿ ಹಾಕ್ತಾನೆ. ಗಾಲ್ಫ್ ಮೈದಾನ ಒಂದು ವರ್ಷ ಹುಲ್ಲು ಬಿಡೋಕಾಗುತ್ತಾ? ಮೆಂಬರ್‌ಗಳು ಬಿಡ್ತಾರಾ?

2023ರ ಬರ ಮರೆಯಬೇಡಿ. ರಾಜ್ಯದ 236 ತಾಲೂಕುಗಳಲ್ಲಿ 223 ತಾಲೂಕು ಬರಪೀಡಿತ ಅಂತ ಸರ್ಕಾರವೇ ಘೋಷಿಸಿತು. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರನ್ನ ಕೈತೋಟಕ್ಕೆ ಹಾಕಿದರೆ, ಕಾರು ತೊಳೆದರೆ 5 ಸಾವಿರ ದಂಡ ಅಂದರು. ಅದೇ ವರ್ಷ ನೀರಾವರಿ ಕಾಯ್ದೆಗೆ ತಿದ್ದುಪಡಿ ತಂದು, ಕಾಲುವೆಯಿಂದ ಅಕ್ರಮವಾಗಿ ಪಂಪ್ ಇಟ್ಟು ನೀರೆತ್ತಿದರೆ ಕಠಿಣ ಕ್ರಮ ಅಂದರು. ಒಳ್ಳೆಯದು. ಕಾಲುವೆ ಪಕ್ಕದ ಬಡ ರೈತನ ಐದು ಎಚ್‌ಪಿ ಪಂಪಿಗೆ ಅನ್ವಯಿಸುವ ಕಾನೂನು ಕಾಂಪೌಂಡಿನ ಒಳಗಿನ ಪಂಪಿಗೂ ಅನ್ವಯಿಸಬೇಕು. ನನ್ನ ಬೇಡಿಕೆ ಅಷ್ಟೇ.

ಇದಕ್ಕೆ ಪರಿಹಾರ ಇಲ್ಲವಾ? ಇದೆ. ಸಂಸ್ಕರಿಸಿದ ಕೊಳಚೆ ನೀರನ್ನ ಹುಲ್ಲಿಗೆ ಬಳಸೋದು. ದೊಡ್ಡ ನಗರಗಳಲ್ಲಿ ಈ ದಾರಿ ಹಿಡಿದಿರುವ ಮೈದಾನಗಳಿವೆ. ಆದರೆ ಬೆಂಗಳೂರಿನಲ್ಲಿ ಕೊಳಚೆ ನೀರಿಗೆ ಬರ ಇಲ್ಲ! ಅರಕಲಗೂಡಿನಂಥ ಸಣ್ಣ ಊರಿನಲ್ಲಿ ದಿನಕ್ಕೆ 16 ಲಕ್ಷ ಲೀಟರ್ ಸಂಸ್ಕರಿಸಿದ ನೀರು ಎಲ್ಲಿಂದ ಬರಬೇಕು? ಅದಕ್ಕೇ ಮೈದಾನ ಬರೋದೇ ಆದರೆ ಹಾಸನ ನಗರದ ಹತ್ತಿರ, ನಗರದ ಕೊಳಚೆ ನೀರಿನ ಶುದ್ಧೀಕರಣಕ್ಕೆ ಜೋಡಿಸಿ ಬರಬೇಕು. ಹಿನ್ನೀರಿನ ದಡದಲ್ಲಿ ಬಂದರೆ ಇನ್ನೊಂದು ತೊಂದರೆ. ಗಾಲ್ಫ್ ಹುಲ್ಲಿಗೆ ಗೊಬ್ಬರ, ಕೀಟನಾಶಕ ಹೊಡೀತಾರೆ. ಮಳೆ ಬಂದರೆ ಅದು ಇಳಿಜಾರಿಗೆ ಹೋಗುತ್ತೆ. ಇಳಿಜಾರಿನಲ್ಲಿ ಏನಿದೆ? ಊರೂರಿಗೆ ಕುಡಿಯುವ ನೀರು ಕೊಡುವ ಹೇಮಾವತಿ.

ಮೂರನೆಯದು ಪ್ರವಾಸೋದ್ಯಮ. ಇಲ್ಲಿ ಹಾಸನಕ್ಕೆ ನಿಜವಾದ ಒಂದು ಕೊರತೆ ಇದೆ, ಅದನ್ನ ಒಪ್ಪಿಕೊಳ್ಳೋಣ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಶ್ರವಣಬೆಳಗೊಳದಲ್ಲಿ 58 ಅಡಿಯ ಗೊಮ್ಮಟ ಸಾವಿರ ವರ್ಷದಿಂದ ನಿಂತಿದ್ದಾನೆ. 2018ರಲ್ಲಿ ಮಹಾಮಸ್ತಕಾಭಿಷೇಕ ಆಯ್ತು, ಹನ್ನೆರಡು ವರ್ಷದ ಲೆಕ್ಕದಲ್ಲಿ ಮುಂದಿನದು 2030ಕ್ಕೆ. ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ ತೆಗೆದಾಗ ಲಕ್ಷಾಂತರ ಜನ. ಇಷ್ಟೆಲ್ಲ ಇದ್ದರೂ ಬರುವವರು ಏನು ಮಾಡ್ತಾರೆ? ಬೆಳಗ್ಗೆ ಬರ್ತಾರೆ, ನೋಡ್ತಾರೆ, ಊಟ ಮಾಡ್ತಾರೆ, ಸಂಜೆಗೆ ಸಕಲೇಶಪುರಕ್ಕೋ ಚಿಕ್ಕಮಗಳೂರಿಗೋ ಹೋಗಿ ಮಲಗ್ತಾರೆ. ಪ್ರವಾಸಿ ಹಗಲು ಖರ್ಚು ಮಾಡೋದು ಕಡಿಮೆ. ರಾತ್ರಿ ತಂಗಿದರೆ ಖರ್ಚು ಮಾಡ್ತಾನೆ. ಹಾಸನ ಜಿಲ್ಲೆಯ ಬಯಲು ತಾಲೂಕುಗಳಿಗೆ ಬೇಕಾಗಿರೋದು ಆ ಒಂದು ರಾತ್ರಿ.

ಗಾಲ್ಫ್ ರೆಸಾರ್ಟ್ ಆ ರಾತ್ರಿಯನ್ನ ತಂದುಕೊಡುತ್ತಾ? ತಂದುಕೊಡಬಹುದು. ಬೆಳಗ್ಗೆ ಬೇಗ ಆಡೋ ಆಟ, ಹಾಗಾಗಿ ಹಿಂದಿನ ರಾತ್ರಿಯೇ ಬಂದು ತಂಗ್ತಾರೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಕೂಡ ಗಾಲ್ಫ್ ಪ್ರವಾಸೋದ್ಯಮಕ್ಕೆ ಪ್ರೋತ್ಸಾಹ ಕೊಡ್ತಾ ಬಂದಿರೋದು ಇದೇ ಕಾರಣಕ್ಕೆ. ಗಾಲ್ಫ್ ಆಡುವವನ ಕಿಸೆ ದೊಡ್ಡದು. ಪ್ರಶ್ನೆ ಏನಂದ್ರೆ, ಆ ಕಿಸೆ ಎಲ್ಲಿ ತೆರೆಯುತ್ತೆ? ಗೇಟಿನ ಒಳಗಾ, ಹೊರಗಾ?

ಶೆಟ್ಟಿಹಳ್ಳಿ ಚರ್ಚ್ ನೋಡೋಕೆ ಹೋಗುವ ಪ್ರವಾಸಿಯನ್ನ ನೋಡಿ. ಹೇಮಾವತಿ ಹಿನ್ನೀರಿನಲ್ಲಿ ಅರ್ಧ ಮುಳುಗುವ ಆ ಹಳೇ ಚರ್ಚಿಗೆ ಟಿಕೆಟ್ ಇಲ್ಲ, ಗೇಟ್ ಇಲ್ಲ. ಹೋದವರು ಹಾಸನದಲ್ಲಿ ಪೆಟ್ರೋಲ್ ಹಾಕಿಸ್ತಾರೆ, ದಾರಿಯಲ್ಲಿ ಎಳನೀರು ಕುಡೀತಾರೆ, ಟೀ ಅಂಗಡಿಯಲ್ಲಿ ಕೂರ್ತಾರೆ, ಸಂಜೆ ಹೋಟೆಲಿನಲ್ಲಿ ದೋಸೆ ತಿಂತಾರೆ. ಒಬ್ಬೊಬ್ಬರು ಖರ್ಚು ಮಾಡೋದು ಕಡಿಮೆ, ಆದರೆ ಆ ದುಡ್ಡು ಹತ್ತು ಕೈಗೆ ಹಂಚಿಹೋಗುತ್ತೆ. ರೆಸಾರ್ಟಿಗೆ ಬರುವವರು ಒಂದೇ ದಿನಕ್ಕೆ ಅದರ ಹತ್ತು ಪಟ್ಟು ಖರ್ಚು ಮಾಡಬಹುದು. ಆದರೆ ಊಟ ಒಳಗೆ, ಈಜುಕೊಳ ಒಳಗೆ, ಅಂಗಡಿ ಒಳಗೆ. ತರಕಾರಿ ಬೆಂಗಳೂರಿನ ಏಜೆನ್ಸಿಯಿಂದ, ಮ್ಯಾನೇಜರ್ ದೆಹಲಿಯಿಂದ, ಲಾಭ ಕಂಪನಿಯ ಹೆಡ್ ಆಫೀಸಿಗೆ. ಊರಿಗೆ ಉಳಿಯೋದು ಸೆಕ್ಯೂರಿಟಿ ಕೆಲಸ, ಹುಲ್ಲು ಕತ್ತರಿಸುವ ಕೆಲಸ, ರೂಮು ಗುಡಿಸುವ ಕೆಲಸ. ಅದೂ ಕೆಲಸವೇ, ಬೇಡ ಅನ್ನಲ್ಲ. ಆದರೆ ಎರಡು ಎಕರೆ ತೋಟದ ಯಜಮಾನನಾಗಿದ್ದವನು ಅದೇ ಜಾಗದಲ್ಲಿ ಗುತ್ತಿಗೆ ಕಾರ್ಮಿಕನಾಗೋದನ್ನ ಅಭಿವೃದ್ಧಿ ಅಂತ ಕರೆಯೋಕೆ ಮುಂಚೆ ಸ್ವಲ್ಪ ಯೋಚನೆ ಮಾಡಬೇಕು.

ಹಾಗಂತ ಗೇಟು ಇರಲೇಬೇಕು ಅನ್ನೋ ನಿಯಮ ಏನೂ ಇಲ್ಲ. ಗಾಲ್ಫ್‌ನ ತವರುಮನೆ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್. ಅಲ್ಲಿನ ಓಲ್ಡ್ ಕೋರ್ಸ್ ಅಂದರೆ ಗಾಲ್ಫ್ ಆಡುವವರಿಗೆ ಕಾಶಿ ಇದ್ದ ಹಾಗೆ. ಆ ಮೈದಾನ ಯಾರದ್ದು ಗೊತ್ತಾ? ಯಾವುದೋ ಶ್ರೀಮಂತರ ಕ್ಲಬ್ಬಿನದ್ದಲ್ಲ, ಊರಿನದ್ದು. ಒಂದು ಟ್ರಸ್ಟು ನಡೆಸುತ್ತೆ. ಊರಿನವರಿಗೆ ಕಡಿಮೆ ದರದ ವಾರ್ಷಿಕ ಟಿಕೆಟ್ ಇದೆ. ಭಾನುವಾರ ಮಾಮೂಲಿಯಾಗಿ ಆಟಕ್ಕೆ ರಜಾ. ಊರಿನವರು ಮಕ್ಕಳು, ನಾಯಿ ಕರ್ಕೊಂಡು ಅದರ ಮೇಲೆ ಓಡಾಡ್ತಾರೆ! ಜಗತ್ತಿನ ಅತ್ಯಂತ ಪ್ರಸಿದ್ಧ ಗಾಲ್ಫ್ ಹುಲ್ಲಿನ ಮೇಲೆ ಊರಿನ ಅಜ್ಜಿ ವಾಕಿಂಗ್ ಹೋಗಬಹುದು. ಪ್ರಪಂಚದ ಮೂಲೆಮೂಲೆಯಿಂದ ಬಂದ ಆಟಗಾರರು ಉಳಿಯೋದು, ಉಣ್ಣೋದು ಆ ಊರಿನ ಹೋಟೆಲು, ಲಾಡ್ಜುಗಳಲ್ಲಿ. ಹಾಗಾಗಿ ಅಲ್ಲಿ ಗಾಲ್ಫ್ ಬೆಳೆದರೆ ಊರೂ ಬೆಳೆಯುತ್ತೆ. ನಾವು ಆ ಆಟವನ್ನ ತಂದೆವು, ಆ ವ್ಯವಸ್ಥೆಯನ್ನ ಅಲ್ಲೇ ಬಿಟ್ಟುಬಂದೆವು.

ನಾಲ್ಕನೆಯದು ಮೆಂಬರ್‌ಶಿಪ್. ಇದು ಹಾಸನದ ಡಾಕ್ಟರಿಗೆ, ಕಂಟ್ರಾಕ್ಟರಿಗೆ, ಸಕಲೇಶಪುರದ ಕಾಫಿ ಬೆಳೆಗಾರರಿಗೆ, ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮೂರ ಹುಡುಗರಿಗೆ ಸಂಬಂಧಪಟ್ಟ ವಿಷಯ. ಕ್ಲಬ್ಬುಗಳಲ್ಲಿ ಎರಡು ಜಾತಿ. ಒಂದು, ಮೆಂಬರ್‌ಗಳೇ ಮಾಲೀಕರಾಗಿರುವ ಕ್ಲಬ್. ನಮ್ಮ ತಾಲೂಕು ಕೇಂದ್ರಗಳ ಟೌನ್ ಕ್ಲಬ್ಬು, ಆಫೀಸರ್ಸ್ ಕ್ಲಬ್ಬು, ಸಕಲೇಶಪುರದ ಪ್ಲಾಂಟರ್‌ಗಳ ಹಳೆಯ ಮಂಜರಾಬಾದ್ ಕ್ಲಬ್ಬು, ಬೆಂಗಳೂರು ಗಾಲ್ಫ್ ಕ್ಲಬ್ಬು, ಇವೆಲ್ಲ ಈ ಕಡೆಯವು. ಇಲ್ಲಿ ಚುನಾವಣೆ ನಡೆಯುತ್ತೆ, ಕಾರ್ಯದರ್ಶಿ ಲೆಕ್ಕ ಕೊಡ್ತಾನೆ, ಲೆಕ್ಕ ಸರಿಯಿಲ್ಲದಿದ್ದರೆ ವಾರ್ಷಿಕ ಸಭೆಯಲ್ಲಿ ಜಗಳ ಆಡಬಹುದು. ಎರಡು, ಕಂಪನಿ ನಡೆಸುವ ಕ್ಲಬ್. ಇಲ್ಲಿ ನೀವು ಮೆಂಬರ್ ಅಂತ ಕಾರ್ಡ್ ಕೊಟ್ಟರೂ ನೀವು ಮಾಲೀಕರಲ್ಲ, ಗಿರಾಕಿ. ಜಮೀನು ಕಂಪನಿಯದ್ದು, ಶುಲ್ಕ ಏರಿಸೋದು ಕಂಪನಿ, ನಿಯಮ ಬದಲಾಯಿಸೋದೂ ಕಂಪನಿ.

ಐಷಾರಾಮಿ ಗಾಲ್ಫ್ ಕ್ಲಬ್ ಬಂದಾಗ ಊರಿನ ಹಳೇ ಕ್ಲಬ್ಬಿಗೆ ಎರಡು ರೀತಿ ಪೆಟ್ಟು ಬೀಳಬಹುದು. ಒಂದು, ಹೆಚ್ಚು ಖರ್ಚು ಮಾಡುವ ಮೆಂಬರ್‌ಗಳು ಆ ಕಡೆ ಹೋಗ್ತಾರೆ. ಹತ್ತು ಜನ ಹೋದರೆ ಕ್ಯಾಂಟೀನ್ ನಡೆಸೋದು ಕಷ್ಟ, ಟೆನಿಸ್ ಅಂಕಣಕ್ಕೆ ಸುಣ್ಣ ಹೊಡೆಸೋದೂ ಕಷ್ಟ. ಎರಡು, ಹಳೇ ಕ್ಲಬ್ಬಿನವರೂ ಪೈಪೋಟಿಗೆ ಬಿದ್ದು ಪ್ರವೇಶ ಶುಲ್ಕ ಏರಿಸ್ತಾರೆ. ಆಗ ಹೊರಗುಳಿಯೋದು ಯಾರು? ಹೈಸ್ಕೂಲ್ ಮೇಷ್ಟ್ರು, ಬ್ಯಾಂಕ್ ಗುಮಾಸ್ತ, ಸಣ್ಣ ವಕೀಲರು. ಇದಕ್ಕೂ ದಾರಿ ಇದೆ. ಕ್ಲಬ್ಬುಗಳ ಮಧ್ಯೆ ಪರಸ್ಪರ ಒಪ್ಪಂದದ ಪದ್ಧತಿ ಹಿಂದಿನಿಂದಲೂ ಇದೆ. ನಮ್ಮ ಕ್ಲಬ್ಬಿನ ಮೆಂಬರ್ ನಿಮ್ಮಲ್ಲಿ ಬಂದು ಆಡಬಹುದು, ನಿಮ್ಮವರು ನಮ್ಮಲ್ಲಿ. ಹೊಸ ಗಾಲ್ಫ್ ಕ್ಲಬ್ ಜಿಲ್ಲೆಯ ಹಳೇ ಕ್ಲಬ್ಬುಗಳ ಜೊತೆ ಇಂಥ ಒಪ್ಪಂದ ಮಾಡಿಕೊಂಡರೆ ಇಬ್ಬರೂ ಬದುಕ್ತಾರೆ.

ವಿಲ್ಲಾ ಅಥವಾ ಸೈಟಿನ ಜೊತೆ ‘ಲೈಫ್ ಮೆಂಬರ್‌ಶಿಪ್ ಉಚಿತ’ ಅಂತ ಬೋರ್ಡ್ ನೋಡಿದರೆ ದಯವಿಟ್ಟು ನಾಲ್ಕು ವಿಷಯ ಕೇಳಿ. ಒಂದು, ಲೈಫ್ ಅಂದ್ರೆ ಯಾರ ಲೈಫ್? ನಿಮ್ಮದಾ, ಕ್ಲಬ್ಬಿನದ್ದಾ? ಎಷ್ಟೋ ಕಡೆ ಅದು 20 ಅಥವಾ 25 ವರ್ಷದ ಒಪ್ಪಂದ ಅಷ್ಟೇ. ಎರಡು, ಮೆಂಬರ್‌ಶಿಪ್ ಉಚಿತ ಇರಬಹುದು, ವಾರ್ಷಿಕ ನಿರ್ವಹಣಾ ಶುಲ್ಕ ಎಷ್ಟು? ಅದನ್ನ ಏರಿಸೋಕೆ ಮಿತಿ ಇದೆಯಾ? ಮೂರು, ನಿಮ್ಮ ನಂತರ ಮಗನಿಗೋ ಮಗಳಿಗೋ ವರ್ಗಾವಣೆ ಆಗುತ್ತಾ? ಮಾರಬಹುದಾ? ಡಿಪಾಸಿಟ್ ವಾಪಸ್ ಬರುತ್ತಾ, ಯಾವಾಗ? ನಾಲ್ಕು, ಗಾಲ್ಫ್ ಮೈದಾನ, ಕ್ಲಬ್ ಹೌಸ್ ಇದೆಲ್ಲ ರೇರಾದಲ್ಲಿ ನೋಂದಣಿಯಾದ ಯೋಜನೆಯ ಭಾಗವಾಗಿ, ನೀವು ಸಹಿ ಹಾಕುವ ಒಪ್ಪಂದದಲ್ಲಿ ಬರೆದಿದೆಯಾ, ಅಥವಾ ಬರೀ ಬಣ್ಣದ ಪುಸ್ತಿಕೆಯಲ್ಲಿದೆಯಾ?

ಇದು ಸುಮ್ಮನೆ ಹೆದರಿಸೋ ಮಾತಲ್ಲ. ಜಪಾನಿನಲ್ಲಿ ಏನಾಯ್ತು ಕೇಳಿ. 1980ರ ದಶಕದ ಕೊನೆಯಲ್ಲಿ ಅಲ್ಲಿ ಗಾಲ್ಫ್ ಮೆಂಬರ್‌ಶಿಪ್ ಅಂದರೆ ಚಿನ್ನ. ಷೇರು ಥರ ದಲ್ಲಾಳಿಗಳು ಕೊಂಡು ಮಾರ್ತಾ ಇದ್ದರು, ಅದರ ಬೆಲೆಗೆ ಸೂಚ್ಯಂಕವೇ ಇತ್ತು. ಜನ ಸಾಲ ಮಾಡಿ ಕೊಂಡರು. 1990ರ ನಂತರ ಗುಳ್ಳೆ ಒಡೀತು. ಬೆಲೆ ಪಾತಾಳಕ್ಕೆ ಬಿತ್ತು, ಕ್ಲಬ್ಬುಗಳು ಸಾಲು ಸಾಲಾಗಿ ದಿವಾಳಿಯಾದವು, ಡಿಪಾಸಿಟ್ ಕಟ್ಟಿದವರು ಕೈಚೆಲ್ಲಿ ಕೂತರು. ಶಿಸ್ತಿನ ಜಪಾನಿನಲ್ಲೇ ಹೀಗಾದರೆ ನಾವು ಎಷ್ಟು ಎಚ್ಚರ ಇರಬೇಕು?

ಮೆಂಬರ್‌ಶಿಪ್ ಅಂದರೆ ಬರೀ ದುಡ್ಡಲ್ಲ, ಮರ್ಯಾದೆಯ ಪ್ರಶ್ನೆಯೂ ಹೌದು. 2024ರ ಜುಲೈನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಮಾಲ್ ಒಂದರಲ್ಲಿ ಪಂಚೆ ಉಟ್ಟ ರೈತರೊಬ್ಬರನ್ನ ಒಳಗೆ ಬಿಡಲಿಲ್ಲ ಅಂತ ಇಡೀ ರಾಜ್ಯ ಕೆರಳಿತು, ಮಾಲನ್ನೇ ಕೆಲವು ದಿನ ಮುಚ್ಚಿಸಿದರು. ಮಾಲ್ ಆದರೆ ಎಲ್ಲರಿಗೂ ತೆರೆದ ಜಾಗ, ಕೇಳಬಹುದು. ಖಾಸಗಿ ಕ್ಲಬ್ಬಿನಲ್ಲಿ ಡ್ರೆಸ್ ಕೋಡ್ ಅಂದರೆ ಏನು ಮಾಡ್ತೀರಿ? ತನ್ನದೇ ಹೊಲ ಇದ್ದ ಜಾಗಕ್ಕೆ ಹೊಳೆನರಸೀಪುರದ ಯಜಮಾನರೊಬ್ಬರು ಪಂಚೆ ಉಟ್ಟು ಹೋದರೆ ಗೇಟಿನಲ್ಲಿ ನಿಲ್ಲಿಸೋದು ಯಾರು? ಬಹುಶಃ ಅವರದೇ ಊರಿನ, ಸೆಕ್ಯೂರಿಟಿ ಸಮವಸ್ತ್ರ ಹಾಕಿದ ಹುಡುಗ.

ಹಾಗಾದ್ರೆ ಗಾಲ್ಫ್ ಬೇಡವೇ ಬೇಡ ಅಂತೀರಾ ಅಂತ ನೀವು ಕೇಳಬಹುದು. ಹಾಗಲ್ಲ. ಬರಲಿ, ಆದರೆ ಷರತ್ತಿನ ಮೇಲೆ ಬರಲಿ. 18 ಗುಂಡಿಯೇ ಯಾಕೆ? 9 ಗುಂಡಿಯ ಮೈದಾನವೂ ಗಾಲ್ಫೇ, ಅರ್ಧ ಜಮೀನು, ಅರ್ಧ ನೀರು. ನೀರಿಲ್ಲದ ಕಡೆ ಗುಂಡಿಯ ಸುತ್ತ ಹುಲ್ಲಿನ ಬದಲು ಎಣ್ಣೆ ಬೆರೆಸಿದ ಮರಳು ಹಾಸಿ ಆಡುವ ಪದ್ಧತಿ ಹಿಂದಿನಿಂದ ಇದೆ, ಅದನ್ನ ಬ್ರೌನ್ ಅಂತಾರೆ. ನೀರಾವರಿ ಜಮೀನು ಮುಟ್ಟೋದು ಬೇಡ. ನೀರು ಸಂಸ್ಕರಿಸಿದ್ದೇ ಆಗಿರಲಿ, ಮೀಟರ್ ಹಾಕಲಿ, ಬರ ಘೋಷಣೆಯಾದ ದಿನ ಪಂಪ್ ನಿಲ್ಲಲಿ. ಜಮೀನು ಕೊಂಡುಕೊಳ್ಳುವ ಬದಲು ದೀರ್ಘಾವಧಿ ಗುತ್ತಿಗೆ ಮಾಡಿಕೊಳ್ಳಲಿ, ಆಗ ರೈತನ ಪಹಣಿ ರೈತನ ಹೆಸರಲ್ಲೇ ಉಳಿಯುತ್ತೆ, ವರ್ಷ ವರ್ಷ ಬಾಡಿಗೆ ಬರುತ್ತೆ. ವಾರಕ್ಕೆ ಎರಡು ದಿನ ಸರ್ಕಾರಿ ಶಾಲೆ ಮಕ್ಕಳಿಗೆ ಉಚಿತ ತರಬೇತಿ ಕೊಡಲಿ. ಮುನಿಯಪ್ಪನವರಂಥವರು ಚೀಲ ಹೊತ್ತೇ ಆಟ ಕಲಿಯಬೇಕು ಅಂತೇನಿಲ್ಲವಲ್ಲ. ರೆಸಾರ್ಟಿನ ತರಕಾರಿ, ಹಾಲು, ಎಳನೀರು, ಹೂವು ಇಂತಿಷ್ಟು ಪಾಲು ತಾಲೂಕಿನೊಳಗಿಂದಲೇ ಅಂತ ಬರವಣಿಗೆಯಲ್ಲಿರಲಿ. ಬಂದ ಅತಿಥಿಗಳನ್ನ ವಾಹನ ಮಾಡಿ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಸ್ಥಾನಕ್ಕೆ, ಮೊಸಳೆಯ ಜೋಡಿ ಗುಡಿಗೆ, ದೊಡ್ಡಗದ್ದವಳ್ಳಿಗೆ, ರಾಮನಾಥಪುರದ ಕಾವೇರಿ ದಡಕ್ಕೆ ಕರ್ಕೊಂಡು ಹೋಗಲಿ. ಬೇಲೂರು, ಹಳೇಬೀಡಿಗೆ ಜನ ಹೇಗಿದ್ದರೂ ಹೋಗ್ತಾರೆ. ಗಾಲ್ಫ್ ನಿಜಕ್ಕೂ ಪ್ರವಾಸೋದ್ಯಮ ಬೆಳೆಸಿತಾ ಅಂತ ನೋಡಬೇಕಾದರೆ ನುಗ್ಗೇಹಳ್ಳಿಯ ಟೀ ಅಂಗಡಿಯ ಗಲ್ಲಾಪೆಟ್ಟಿಗೆ ನೋಡಬೇಕು.

ಇದನ್ನೆಲ್ಲ ಕೇಳಬೇಕಾದವರು ಯಾರು? ಮಂತ್ರಿಗಳಲ್ಲ, ಟಿವಿಯವರಲ್ಲ. ನೀವು. ಕೇಳಬೇಕಾದ ಜಾಗ ಗ್ರಾಮಸಭೆ. ಭೂಪರಿವರ್ತನೆಯ ಅರ್ಜಿ ಬಂದಿದೆಯಾ, ಸರ್ವೆ ನಕ್ಷೆಯಲ್ಲಿ ಗೋಮಾಳ, ಹಳ್ಳ, ದಾರಿ ಎಲ್ಲೆಲ್ಲಿವೆ, ದಿನಕ್ಕೆ ಎಷ್ಟು ನೀರು, ಎಲ್ಲಿಂದ, 20 ಸಾವಿರ ಚದರ ಮೀಟರ್‌ಗಿಂತ ಹೆಚ್ಚು ಕಟ್ಟಡ ಕಟ್ಟೋದಾದರೆ ಪರಿಸರ ಅನುಮತಿ ತಗೊಂಡಿದ್ದಾರಾ? ಈ ಪ್ರಶ್ನೆಗಳನ್ನ ಬರೆದು ಕೊಡಿ. ಉತ್ತರ ಬಾಯಲ್ಲಿ ಬೇಡ, ಬರವಣಿಗೆಯಲ್ಲಿ ಕೊಡಿ ಅನ್ನಿ. ಕೊಡದಿದ್ದರೆ ಮಾಹಿತಿ ಹಕ್ಕು ಇದೆ.

ಕೊನೆಯದಾಗಿ ಒಂದು ಮಾತು. ಎಕರೆಗೆ ಒಳ್ಳೇ ಬೆಲೆ ಬಂದಾಗ ಮಾರೋದು ರೈತನ ಹಕ್ಕು. ಮಗಳ ಮದುವೆ ಇರುತ್ತೆ, ಸೊಸೈಟಿ ಸಾಲ ಇರುತ್ತೆ, ತೆಂಗಿಗೆ ರೋಗ ಬಂದಿರುತ್ತೆ, ಆಲೂಗಡ್ಡೆಗೆ ಬೆಲೆ ಬಿದ್ದಿರುತ್ತೆ. ಮಾರಬೇಡಿ ಅಂತ ಎಸಿ ಸ್ಟುಡಿಯೋದಲ್ಲಿ ಕೂತು ಉಪದೇಶ ಮಾಡೋ ಯೋಗ್ಯತೆ ಯಾರಿಗೂ ಇಲ್ಲ. ಆದರೆ ಮಾರುವವರು ಒಬ್ಬರು, ನೀರು ಕಳೆದುಕೊಳ್ಳೋದು ಊರೆಲ್ಲ. ಜಮೀನು ನಿಮ್ಮ ಸ್ವಂತದ್ದು, ಅದರ ಕೆಳಗಿನ ನೀರು ಪಕ್ಕದ ಮನೆಯವರದ್ದೂ ಹೌದು. ಸಹಿ ಹಾಕೋಕೆ ಮುಂಚೆ ಒಂದು ಸಂಜೆ ಪಕ್ಕದ ಮನೆಯವರ ಜೊತೆ ಜಗುಲಿ ಮೇಲೆ ಕೂತು ಈ ಲೆಕ್ಕ ಮಾತಾಡಿ.